ಮೀಸೆಗೆ ಮಣ್ಣಾಗದ ಜಟ್ಟಿ

ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಅಭ್ಯರ್ಥಿ ಮಾರನೆಯ ದಿನ ಪತ್ರಿಕಾಗೋಷ್ಠಿ ಕರೆದು 'ಇದು ನನ್ನ ನೈತಿಕ ಗೆಲುವು' ಎಂದರೆ ನಮ್ಮ ಜನ ಹೆಚ್ಚು ಮಾತಾಡುವುದಿಲ್ಲ. 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂದು ನಕ್ಕು ಸುಮ್ಮನಾಗುತ್ತಾರೆ. ಸೋತರೂ ಜಂಬ ಬಿಡದವನ ಮೇಲಿನ ಗಾದೆ ಇದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಗರಡಿಯ ಮಣ್ಣು ಮೈಗೆ ಹತ್ತಿಸಿಕೊಂಡವರಿಗೆ ಇದರೊಳಗೆ ಇನ್ನೊಂದು ಚೇಷ್ಟೆ ಕಾಣುತ್ತದೆ. ಮೀಸೆಗೆ ಮಣ್ಣಾಗಬೇಕಾದರೆ ಮನುಷ್ಯ ಬೋರಲಾಗಿ ಬೀಳಬೇಕು. ಬಿದ್ದೂ ಮೀಸೆಗೆ ಮಣ್ಣಾಗಿಲ್ಲ ಎಂದರೆ ಅವನು ಅಂಗಾತ ಬಿದ್ದಿದ್ದಾನೆ ಎಂದೇ ಅರ್ಥ. ಕುಸ್ತಿಯಲ್ಲಿ ಬೋರಲು ಬಿದ್ದವನು ಸೋತವನಲ್ಲ. ಅವನು ಇನ್ನೂ ಕಣದಲ್ಲಿದ್ದಾನೆ. ಅಂಗಾತ ಬಿದ್ದು ಭುಜಗಳೆರಡೂ ನೆಲಕ್ಕೆ ತಾಗಿದರೆ ಮಾತ್ರ ಚಿತ್, ಆಟ ಮುಗಿಯಿತು. ಪಾಪ, ಈ ಜಟ್ಟಿ ತನ್ನ ಮಾನ ಉಳಿಯಿತೆಂದು ಸಾಕ್ಷಿಗೆ ತಂದ ಮೀಸೆಯೇ ಅವನ ವಿರುದ್ಧ ಸಾಕ್ಷಿ ನುಡಿಯುತ್ತಿದೆ!

ನಮ್ಮ ಗಾದೆಯನ್ನು ತಲೆಕೆಳಗು ಮಾಡುವ ಕುಸ್ತಿಯೊಂದು ಜಗತ್ತಿನಲ್ಲಿದೆ. ಅದರಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಯಾರೂ ಸೀಟಿ ಊದುವುದಿಲ್ಲ. ಪಂದ್ಯದ ಅರ್ಧ ಭಾಗ ಅಲ್ಲಿಂದಲೇ ಶುರುವಾಗುತ್ತದೆ. ಎಷ್ಟೋ ಸಲ ಆಟಗಾರನೇ ಬೇಕೆಂದು ಅಂಗಾತ ಮಲಗಿ ಎದುರಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಬ್ರೆಜಿಲ್ ದೇಶದಲ್ಲಿ ಬೆಳೆದ ಇದರ ಹೆಸರು ಬ್ರೆಜಿಲಿಯನ್ ಜಿಯು-ಜಿತ್ಸು. ಬೆಂಗಳೂರಿನಲ್ಲಿ ಈಗ ಇದನ್ನು ಕಲಿಸುವ ಶಾಲೆಗಳಿವೆ. ಜಿಯು-ಜಿತ್ಸುವಿನ ಒಂದು ಬಗೆ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲೂ ಸೇರಿತು. ಎರಡೂ ಕಡೆ ಇರುವುದು ಅದೇ ಎರಡು ಕೈ, ಎರಡು ಕಾಲು, ಒಂದು ಕುತ್ತಿಗೆ. ಹಾಗಿದ್ದೂ ಬೆನ್ನಿನ ಬೆಲೆ ಒಂದು ಕಡೆ ಸೋಲು, ಇನ್ನೊಂದು ಕಡೆ ಆಸರೆ ಆದದ್ದು ಹೇಗೆ? ಇದನ್ನು ನೋಡುವುದಕ್ಕೆ ಚಿತ್ರದುರ್ಗದ ಬೆಟ್ಟವೇ ಒಳ್ಳೆಯ ಜಾಗ ಎಂದು ನನಗೆ ತೋರುತ್ತದೆ.

ಕೋಟೆಯ ಗರಡಿ

ಚಿತ್ರದುರ್ಗದ ಕೋಟೆ ನೋಡಲು ಹೋದವರು ಓಬವ್ವನ ಕಿಂಡಿ, ಅಕ್ಕತಂಗಿಯರ ಹೊಂಡ, ಎಣ್ಣೆ ಕೊಳ, ಮದ್ದು ಬೀಸುವ ಕಲ್ಲು, ಟಂಕಸಾಲೆ ಎಲ್ಲವನ್ನೂ ನೋಡಿ ಬರುತ್ತಾರೆ. ಅದೇ ಕೋಟೆಯೊಳಗೆ ಗರಡಿ ಮನೆಯೂ ಇದೆ. ನಾಣ್ಯ ಹೊಡೆಯುವ ಸಾಲೆ, ಮದ್ದು ಅರೆಯುವ ಕಲ್ಲು ಹೇಗೆ ದುರ್ಗಕ್ಕೆ ಬೇಕಾದ ಸಾಮಗ್ರಿಯೋ ಹಾಗೆಯೇ ಗರಡಿಯೂ ಒಂದು ಸಾಮಗ್ರಿ. ಪಾಳೆಯಗಾರರಿಗೆ ಅಲ್ಲಿ ಆಳು ತಯಾರಾಗಬೇಕಿತ್ತು. ಗರಡಿಯನ್ನು ಮೋಜಿನ ಮನೆ ಎಂದು ತಿಳಿದರೆ ತಪ್ಪಾಗುತ್ತದೆ.

ಬೆಟ್ಟದ ಮೇಲಿನ ಐತಿಹ್ಯವಂತೂ ಮಲ್ಲಯುದ್ಧದಿಂದಲೇ ಆರಂಭ. ಹಿಡಿಂಬಾಸುರ ಇಲ್ಲೇ ವಾಸವಾಗಿದ್ದ, ಭೀಮ ಅವನನ್ನು ಇಲ್ಲೇ ಕೊಂದ ಎಂದು ಸ್ಥಳಪುರಾಣ. ಕೋಟೆಯಲ್ಲಿರುವ ಹಿಡಿಂಬೇಶ್ವರ ದೇಗುಲದಲ್ಲಿ ಹಿಡಿಂಬನ ಹಲ್ಲು ಎನ್ನಲಾಗುವ ದೊಡ್ಡದೊಂದು ಎಲುಬಿನ ತುಂಡು, ಭೀಮನ ಭೇರಿ ಎನ್ನಲಾಗುವ ಕಬ್ಬಿಣದ ತಗಡಿನ ಡೋಲು ಇದ್ದುದನ್ನು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ. ಹಲ್ಲು ಯಾವ ಪ್ರಾಣಿಯದೋ ಇರಲಿ. ನಮಗೆ ಮುಖ್ಯವಾದದ್ದು ಆ ಜಗಳದ ರೀತಿ. ಮಹಾಭಾರತದಲ್ಲಿ ಭೀಮ, ಮಲಗಿದ್ದ ತಾಯಿಗೂ ತಮ್ಮಂದಿರಿಗೂ ಎಚ್ಚರವಾಗಬಾರದೆಂದು ಹಿಡಿಂಬನನ್ನು ದೂರ ಎಳೆದೊಯ್ಯುತ್ತಾನೆ. ಆಯುಧವಿಲ್ಲದೆ ಸೆಣಸಿ, ಕೊನೆಗೆ ಅವನ ನಡು ಮುರಿಯುತ್ತಾನೆ. ಜರಾಸಂಧನ ವಧೆ, ವಿರಾಟನ ಅರಮನೆಯಲ್ಲಿ ವಲಲನ ವೇಷದ ಭೀಮ ಜೀಮೂತನೆಂಬ ಮಲ್ಲನನ್ನು ಕೊಂದದ್ದು, ಕೀಚಕನನ್ನು ಮುದ್ದೆ ಮಾಡಿದ್ದು, ಇವುಗಳಲ್ಲಿ ಎಲ್ಲಿಯೂ 'ಭುಜ ನೆಲಕ್ಕೆ ತಾಗಿತು, ಬಿಡಿ' ಎಂಬ ಮಾತಿಲ್ಲ. ಬಿದ್ದ ಮೇಲೆಯೇ ನಿಜವಾದ ಕೆಲಸ. ಮಲ್ಲವಿದ್ಯೆಯಲ್ಲಿ ಹನುಮಂತಿ, ಜಾಂಬವಂತಿ, ಜರಾಸಂಧಿ, ಭೀಮಸೇನಿ ಎಂದು ನಾಲ್ಕು ಬಗೆಗಳನ್ನು ಹೇಳುವ ಸಂಪ್ರದಾಯವಿದೆ. ಭೀಮಸೇನಿ ಬರೀ ಬಲದ್ದು, ಹನುಮಂತಿ ಜಾಣ್ಮೆಯದು, ಜರಾಸಂಧಿ ಅಂಗಾಂಗ ಮುರಿಯುವುದು. ಜಾಂಬವಂತಿ ಎಂದರೆ ಕೀಲುಗಳನ್ನು ಬಂಧಿಸಿ ಎದುರಾಳಿ ಶರಣಾಗುವಂತೆ ಮಾಡುವುದು. ಈ ಜಾಂಬವಂತಿಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ದುರ್ಗದ ಗರಡಿಯಲ್ಲಿ ಸಾಮು ಮಾಡಿದವರಿಗೆ ಏನಾಯಿತು ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಕೊನೆಯ ಮದಕರಿ ನಾಯಕನನ್ನು ಸೆರೆಹಿಡಿದ. ಅಲ್ಲಿನ ಬೇಡ ಜನರನ್ನು ಸುಮಾರು 20,000 ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ ಹುಡುಗರನ್ನು 'ಚೇಲಾ' ಪಡೆಗಳಿಗೆ ಸೇರಿಸಿದನೆಂದೂ ಬ್ರಿಟಿಷರ ಕಾಲದ ಗ್ಯಾಸೆಟಿಯರ್ ಹೇಳುತ್ತದೆ. ಕೋಟೆಯ ಕಲ್ಲು ಅಲ್ಲೇ ಉಳಿಯಿತು. ಗರಡಿಯ ಶಿಷ್ಯರು ಹೋದರು. ಉಸ್ತಾದನಿಂದ ಶಿಷ್ಯನ ಮೈಗೆ ಇಳಿಯುವ ವಿದ್ಯೆಗೆ ಇಂಥ ಒಂದೇ ಏಟು ಸಾಕು.

ಹೆಸರುಂಟು, ವಿವರವಿಲ್ಲ

ಬರೆದಿಟ್ಟವರೇ ಇಲ್ಲವೇ ಎಂದರೆ, ಇದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಅರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ಚಿತ್ರದುರ್ಗದ ಸೀಮೆಯೂ ಆಗ ಆ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಮುಂತಾಗಿ ವಿಂಗಡಿಸಿದ್ದಾರೆ. 'ಜ್ಯೇಷ್ಠಿ'ಯೇ ನಮ್ಮ ಬಾಯಲ್ಲಿ ಜಟ್ಟಿಯಾಯಿತು ಎನ್ನುತ್ತಾರೆ. ಭಾರ ಎತ್ತುವ ಸಾಧನೆ, ನಡಿಗೆ, ಈಜು, ತೋಳುಗಳ ಸೆಣಸಾಟ, ಕಂಬದ ಸಾಧನೆ, ಹೀಗೆ ಕಸರತ್ತಿನ ಪಟ್ಟಿ ಇದೆ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ ಒದಗಿಸುವುದು ದೊರೆಯ ಹೊಣೆ. ಅಂತಃಪುರದ ಹೆಂಗಸರಿಂದ ಮಲ್ಲರನ್ನು ದೂರ ಇಡಬೇಕು ಎಂಬ ಎಚ್ಚರವೂ ಉಂಟು! ಊಟದ ಪಟ್ಟಿಯಲ್ಲಿ ಇಷ್ಟು ಉದಾರವಾದ ಗ್ರಂಥ ಪಟ್ಟುಗಳ ವಿಷಯಕ್ಕೆ ಬಂದಾಗ ಬಿಗಿಯಾಗುತ್ತದೆ. ಹೆಸರುಗಳಿವೆ, ವಿವರವಿಲ್ಲ. ಯಾವ ಕೈ ಎಲ್ಲಿ, ಯಾವ ಮೊಣಕಾಲು ಯಾವ ಪಕ್ಕೆಗೆ, ಒಂದೂ ಇಲ್ಲ. ದೊರೆಗೆ ಅದು ಬೇಕಿರಲಿಲ್ಲ, ಜಟ್ಟಿಗೆ ಬರೆಯಬೇಕಾದ ಅಗತ್ಯವಿರಲಿಲ್ಲ.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ. ಕೃಷ್ಣದೇವರಾಯ ಬೆಳಗಾಗುವ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಬಳಿದುಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ಬೀಸಿ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ ಆಡುತ್ತಿದ್ದನಂತೆ. ಮಹಾನವಮಿಯ ಕುಸ್ತಿಗಳಲ್ಲಿ ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮಾತಾಡಲಾಗದೆ ಬಿದ್ದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಸಮಜೋಡಿ ಮಾಡಲು, ಗೆದ್ದವನಿಗೆ ಮರ್ಯಾದೆ ಕೊಡಿಸಲು ತೀರ್ಪುಗಾರರಿದ್ದರು ಎಂದೂ ಹೇಳುತ್ತಾನೆ. ಗುದ್ದುವುದು, ಕೆಡವುವುದು ಎರಡೂ ಇದ್ದ ಆಟ ಅದು. ಅದರ ಪಳೆಯುಳಿಕೆಯಂತೆ ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ಬೆಳಿಗ್ಗೆ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಕಣಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಅಲ್ಲಿ ಸೋಲನ್ನು ಅಳೆಯುವುದು ಬೆನ್ನಿನಿಂದಲೂ ಅಲ್ಲ, ಭುಜದಿಂದಲೂ ಅಲ್ಲ.

ಹೀಗೆ ಕಣದಲ್ಲಿ ಯಾವುದನ್ನು ಸೋಲು ಎಂದು ಕರೆಯುತ್ತೇವೆಯೋ ಅದೇ ವಿದ್ಯೆಯ ದಿಕ್ಕನ್ನು ತಿರುಗಿಸುತ್ತದೆ. ಊರ ಜಾತ್ರೆಯ ಕುಸ್ತಿಯಲ್ಲಿ ಸಾವು ನೋವು ಬೇಡ, ಮಾರನೆಯ ದಿನ ಹೊಲದ ಕೆಲಸವಿದೆ ಎಂದು ಹಿರಿಯರು ಒಂದು ಸುಲಭ ಗುರುತು ಇಟ್ಟುಕೊಂಡರು: ಬೆನ್ನಿಗೆ ಮಣ್ಣು. ದೂರದಿಂದ ನೋಡುವವನಿಗೂ ತಿಳಿಯುವ ಗುರುತು. ಒಮ್ಮೆ ಈ ಗುರುತು ಗಟ್ಟಿಯಾದ ಮೇಲೆ ಅಂಗಾತ ಮಲಗಿ ಹೋರಾಡುವ ವಿದ್ಯೆ ಯಾರಿಗೆ ಬೇಕು? ಅದು ತಾನಾಗಿಯೇ ಒಣಗಿತು. ಅದರ ಬದಲು ಬೋರಲು ಬಿದ್ದವನ ಸುತ್ತ ಒಂದು ದೊಡ್ಡ ವಿದ್ಯೆಯೇ ಬೆಳೆಯಿತು. ಬೆಳಗಾವಿ, ಧಾರವಾಡ, ಕೊಲ್ಹಾಪುರದ ತಾಲೀಮುಗಳಲ್ಲಿ ನಿಂತು ಹಾಕುವ ಢಾಕ್, ಕಲಾಜಂಗ್, ಏಕೇರಿ ಪಟಗಳಷ್ಟೇ ನೆಲದ ಡಾವುಗಳಿಗೂ ಬೆಲೆ. ಬೋರಲು ಬಿದ್ದವನ ಮೇಲೇರಿ ಹತೋಟಿಗೆ ತರುವುದು ಸವಾರಿ; ಅವನನ್ನು ಉಜ್ಜಿ ಹೊರಳಿಸಿ ಚಿತ್ ಮಾಡುವುದು ಘಿಸ್ಸಾ; ಕೆಳಗಿದ್ದವನೇ ಮೇಲಿನವನ ಕೈ ಬಿಗಿದು ಕತ್ತೆ ಹೊರಳಿದಂತೆ ಹೊರಳಿ ಮೇಲಾಗುವುದು ಗಧಾಲೋಟ್. ಮಣ್ಣು ಮುಕ್ಕಿಸುವುದು ಎಂದು ನಾವು ಸೋಲಿಗೆ ಹೇಳುತ್ತೇವಷ್ಟೆ. ಗರಡಿಯ ಲೆಕ್ಕದಲ್ಲಿ ಮಣ್ಣು ಮುಕ್ಕಿದವನಿಗೆ ಇನ್ನೂ ಅವಕಾಶವಿದೆ.

ಈ ಅವಕಾಶವನ್ನು ಬಳಸಿಕೊಂಡ ದೊಡ್ಡ ಉದಾಹರಣೆ ಲಂಡನ್ನಿನಲ್ಲಿ 1910ರ ಸೆಪ್ಟೆಂಬರ್ 10ರಂದು ನಡೆದದ್ದು. ನಮ್ಮ ಗಾಮಾ ಪೈಲ್ವಾನನ ಎದುರು ಪೋಲೆಂಡಿನ ಝ್ಬಿಷ್ಕೊ. ಗಾಮಾ ಅವನನ್ನು ಆರಂಭದಲ್ಲೇ ಕೆಡವಿದ. ಆಮೇಲೆ ಆ ಭಾರೀ ಆಸಾಮಿ ಬೋರಲು ಮಲಗಿ ನೆಲಕ್ಕೆ ಅಂಟಿಕೊಂಡ. ಎರಡೂವರೆ ಗಂಟೆ ಗಾಮಾ ಮೇಲಿದ್ದೂ ಅವನನ್ನು ತಿರುಗಿಸಲಾಗಲಿಲ್ಲ. ಪಂದ್ಯ ಸಮವಾಯಿತು. ಮುಂದಿನ ವಾರ ಝ್ಬಿಷ್ಕೊ ಬರಲೇ ಇಲ್ಲ, ಪಟ್ಟಿ ಗಾಮಾನಿಗೆ ಸಿಕ್ಕಿತು. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದ. ಲಂಡನ್ನಿನ ಆ ದಿನ ನಿಯಮ ಬೇರೆಯಾಗಿದ್ದು, ಬೆನ್ನ ಮೇಲಿದ್ದವನು ಕುತ್ತಿಗೆಗೆ ಕೈ ಹಾಕಬಹುದಾಗಿದ್ದರೆ ಬೋರಲು ಮಲಗುವ ಉಪಾಯ ಎರಡು ನಿಮಿಷವೂ ನಡೆಯುತ್ತಿರಲಿಲ್ಲ.

ಅಂಗಾತ ಮಲಗಿದವನ ಕೋಟೆ

ಅದೇ ಲಂಡನ್ನಿನಲ್ಲಿ, ಗಾಮಾ ಬರುವುದಕ್ಕೆ ಎರಡು ವರ್ಷ ಮೊದಲು, ಮಿತ್ಸುಯೊ ಮಯೆದಾ ಎಂಬ ಜಪಾನೀಯ ಕುಸ್ತಿ ಆಡುತ್ತಿದ್ದ. ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಹಳೆಯ ಜುಜುತ್ಸು ಪಂಥಗಳನ್ನು ಸೋಸಿ ಜೂಡೊ ಕಟ್ಟಿದರು. ಜೂಡೊದಲ್ಲೂ ಎದುರಾಳಿಯನ್ನು ಬೆನ್ನ ಮೇಲೆ ಸ್ವಚ್ಛವಾಗಿ ಕೆಡವಿದರೆ ಗೆಲುವು; ಆ ಮಟ್ಟಿಗೆ ಅದು ನಮ್ಮ ಕುಸ್ತಿಯ ನೆಂಟ. ಆದರೆ ನೆಲದ ಮೇಲೆ ಕತ್ತು ಬಿಗಿಯುವುದು, ಮೊಣಕೈ ಕೀಲು ಬಂಧಿಸುವುದೂ ಅದರಲ್ಲಿ ಉಳಿದವು. 1904ರಲ್ಲಿ ಊರು ಬಿಟ್ಟ ಮಯೆದಾ ಅಮೆರಿಕ, ಯುರೋಪು ಸುತ್ತಿ ಹಣಕ್ಕಾಗಿ ಸವಾಲಿನ ಪಂದ್ಯ ಆಡುತ್ತ 1914ರಲ್ಲಿ ಬ್ರೆಜಿಲ್ ಸೇರಿದ; ಬೆಲೆಂ ಪಟ್ಟಣದಲ್ಲಿ ನೆಲೆಸಿದ. 1917ರ ಸುಮಾರಿಗೆ ಅವನ ಶಿಷ್ಯನಾದ ಕಾರ್ಲೊಸ್ ಗ್ರೇಸಿ, ಅವನ ತಮ್ಮ ಹೇಲಿಯೊ ಮತ್ತು ಆ ಮನೆತನದವರು ಮುಂದೆ ಇದನ್ನು ತಮ್ಮ ಕಸುಬಾಗಿಸಿದರು. ಮನೆಯವರು ಹೇಳುವ ಕಥೆಯಲ್ಲಿ ಹೇಲಿಯೊ ನರಪೇತಲ. ಬಲವಿಲ್ಲದ ಕಾರಣಕ್ಕೇ ಮಲಗಿ ಆಡುವ ಉಪಾಯ ಹುಡುಕಿದ. ಮನೆತನದ ಕಥೆಗಳಲ್ಲಿ ಸ್ವಲ್ಪ ಬಣ್ಣ ಇರುತ್ತದೆ. ಮಯೆದಾನಿಂದ ಬಂದ ಬೇರೆ ಶಿಷ್ಯ ಪರಂಪರೆಗಳೂ ಬ್ರೆಜಿಲಿನಲ್ಲಿದ್ದವು. ಬಣ್ಣ ತೆಗೆದರೂ ಉಳಿಯುವ ಮಾತೊಂದಿದೆ. ಅವರ ಸವಾಲಿನ ಪಂದ್ಯಗಳಲ್ಲಿ ಸೋಲು ಎಂದರೆ ಸೋತೆನೆಂದು ಒಪ್ಪುವುದು. ಬೆನ್ನು ಲೆಕ್ಕಕ್ಕೇ ಇಲ್ಲ.

ಒಪ್ಪಿಗೆಯೇ ಸೋಲಾದಾಗ ಅಂಗಾತ ಮಲಗಿದವನ ಬಳಿ ಏನೆಲ್ಲ ಇದೆ ನೋಡಿ: ಎರಡು ಕೈ ಖಾಲಿ, ಎರಡು ಕಾಲು ಖಾಲಿ, ಬೆನ್ನಿಗೆ ಭೂಮಿಯ ಆಸರೆ. ಅವನು ಎದುರಾಳಿಯ ಸೊಂಟವನ್ನು ಕಾಲುಗಳಿಂದ ಬಳಸಿ ಬೆನ್ನ ಹಿಂದೆ ಪಾದಗಳನ್ನು ಗಂಟು ಹಾಕುತ್ತಾನೆ. ಇದಕ್ಕೆ ಅವರು 'ಗಾರ್ಡ್', ಅಂದರೆ ಕಾವಲು ಎನ್ನುತ್ತಾರೆ. ದುರ್ಗದ ಓದುಗರಿಗೆ ಇದನ್ನು ಏಳುಸುತ್ತಿನ ಕೋಟೆ ಎಂದರೆ ಬೇಗ ತಿಳಿಯುತ್ತದೆ. ಮೇಲಿನವನು ಮೊದಲು ಗಂಟು ಬಿಡಿಸಬೇಕು. ಬಿಡಿಸಿದರೆ ಪಾದಗಳು ಸೊಂಟಕ್ಕೆ ಒದ್ದು ನಿಲ್ಲುತ್ತವೆ. ಪಾದ ಸರಿಸಿದರೆ ಮೊಣಕಾಲು ಅಡ್ಡ. ಮೊಣಕಾಲು ಒತ್ತಿದರೆ ಸೊಂಟ ಜಾರುತ್ತದೆ. ಸೊಂಟ ಹಿಡಿದರೆ ಕೈ ಕುತ್ತಿಗೆಗೆ ಬರುತ್ತದೆ. ಕೋಟೆಯ ಬಾಗಿಲುಗಳು ನೇರಕ್ಕೆ ನೇರ ಇಲ್ಲದಿರುವುದು ನುಗ್ಗುವವನ ರಭಸ ಮುರಿಯುವುದಕ್ಕೆ. ಇಲ್ಲಿಯೂ ಅಷ್ಟೆ. ಕಾವಲು ದಾಟುವವನು ಬೆನ್ನು ನೆಟ್ಟಗಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಒಂದು ಮೊಣಕಾಲನ್ನು ನೆಲಕ್ಕೆ ಅದುಮಿ, ಬಳಸಿಕೊಂಡು ಪಕ್ಕಕ್ಕೆ ಹೋಗಬೇಕು. ಅವರ ಪಂದ್ಯಗಳಲ್ಲಿ ಹೀಗೆ ದಾಟಿದ್ದಕ್ಕೆ 3 ಅಂಕ, ಎದೆಯ ಮೇಲೆ ಸವಾರಿ ಸಿಕ್ಕರೆ 4, ಕೆಳಗಿನವನೇ ಹೊರಳಿಸಿ ಮೇಲೆ ಬಂದರೆ 2. ಅವಸರದಿಂದ ತಲೆಯನ್ನೂ ಒಂದು ಕೈಯನ್ನೂ ಕಾಲುಗಳ ನಡುವೆ ತೂರಿಸಿದವನ ಪಾಡು ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿದವನ ಪಾಡೇ. ಕೆಳಗಿನವನ ಎರಡು ಕಾಲು ಅವನ ಕತ್ತಿನ ಮೇಲೆ ತ್ರಿಕೋನವಾಗಿ ಬಿಗಿಯುತ್ತವೆ. ಕತ್ತಿನ ಒಂದು ಪಕ್ಕದ ರಕ್ತನಾಳವನ್ನು ತೊಡೆ ಒತ್ತುತ್ತದೆ, ಇನ್ನೊಂದು ಪಕ್ಕವನ್ನು ಅವನದೇ ಭುಜ ಒತ್ತುತ್ತದೆ. ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ.

ಜಗತ್ತು ಇದನ್ನು ಕಣ್ಣಾರೆ ನೋಡಿದ್ದು 1994ರ ಡಿಸೆಂಬರಿನಲ್ಲಿ, ಅಮೆರಿಕದ ಟಲ್ಸಾ ಪಟ್ಟಣದಲ್ಲಿ. ಅದರ ಹಿಂದಿನ ವರ್ಷ, 1993ರ ನವೆಂಬರ್ 12ರಂದು ಡೆನ್ವರಿನಲ್ಲಿ ನಡೆದ ಮೊದಲ ಯು.ಎಫ್.ಸಿ. ಕೂಟದಲ್ಲಿ ಹೇಲಿಯೊನ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಶರಣಾಗಿಸಿದ್ದ. ಟಲ್ಸಾದಲ್ಲಿ ಅವನ ಎದುರು ಬಂದವನು ಡಾನ್ ಸೆವರ್ನ್, ಸುಮಾರು 118 ಕಿಲೊ ತೂಗುವ ಪಳಗಿದ ಕುಸ್ತಿಪಟು. ರಾಯ್ಸ್ ಸುಮಾರು 80 ಕಿಲೊ. ಸೆವರ್ನ್ ಅವನನ್ನು ಕೆಡವಿ ಮೇಲೆ ಕುಳಿತ. ನಮ್ಮ ಜಾತ್ರೆಯಾಗಿದ್ದರೆ ಅಷ್ಟಕ್ಕೆ ಹಲಗೆ ಬಾರಿಸಿ ಸೆವರ್ನನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಸುಮಾರು 16 ನಿಮಿಷ ಬೆನ್ನು ನೆಲಕ್ಕೆ ತಾಗಿಸಿಕೊಂಡೇ ಇದ್ದ ರಾಯ್ಸ್ ಕೊನೆಗೆ ಅದೇ ತ್ರಿಕೋನದಲ್ಲಿ ಅವನನ್ನು ಬಿಗಿದು ಸೋಲೊಪ್ಪಿಸಿದ. ಎಷ್ಟೋ ಪ್ರೇಕ್ಷಕರಿಗೆ ಏನಾಯಿತೆಂದೇ ತಿಳಿಯಲಿಲ್ಲ.

ಶರಣಾಗಿಸುವ ಉಳಿದ ಪಟ್ಟುಗಳ ತತ್ವ ಕಲ್ಲುಕ್ವಾರಿಯಲ್ಲಿ ಹಾರೆ ಹಿಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಮೊಣಕೈಯನ್ನು ತೊಡೆಯ ಮೇಲೆ ಇಟ್ಟು ಮಣಿಕಟ್ಟನ್ನು ಎಳೆದರೆ ತೋಳೇ ಹಾರೆ, ತೊಡೆಯೇ ಆಪು. ಇಡೀ ಮೈಯ ಬಲ ಒಂದು ಸಣ್ಣ ಕೀಲಿನ ಮೇಲೆ ಬೀಳುತ್ತದೆ. ನಮ್ಮ ಗರಡಿಗಳ ಉಸ್ತಾದರು ಉಳುಕು ತೆಗೆಯುವುದು, ಜಾರಿದ ಮೂಳೆ ಕೂರಿಸುವುದು ಬಲ್ಲವರಾಗಿದ್ದದ್ದು ಸುಮ್ಮನೆ ಅಲ್ಲ. ಕೀಲು ಹೇಗೆ ಕಳಚುತ್ತದೆ ಎಂದು ತಿಳಿದವನಿಗೇ ಅದನ್ನು ಕೂರಿಸಲು ಬರುವುದು.

ಇನ್ನು ತಪ್ಪಿಸಿಕೊಳ್ಳುವುದು. ಇದರಲ್ಲಿ ಎರಡು ಚಲನೆಗಳೇ ಮುಖ್ಯ. ಎದೆಯ ಮೇಲೆ ಕೂತವನ ಒಂದು ಕೈಯನ್ನೂ ಅದೇ ಪಕ್ಕದ ಕಾಲನ್ನೂ ಬಿಗಿದು, ಹಿಮ್ಮಡಿ ಊರಿ ಸೊಂಟವನ್ನು ಕಮಾನಿನಂತೆ ಎತ್ತಿ ಆ ಪಕ್ಕಕ್ಕೇ ಉರುಳುವುದು ಒಂದು. ಊರುಗೋಲು ಇಲ್ಲದ ಗೋಡೆಯಂತೆ ಮೇಲಿನವನು ಬೀಳುತ್ತಾನೆ. ಇನ್ನೊಂದು, ಪಕ್ಕಕ್ಕೆ ತಿರುಗಿ ಸೊಂಟವನ್ನು ಹಿಂದಕ್ಕೆ ಜಾರಿಸಿ ಆ ಸಂದಿನಲ್ಲಿ ಮೊಣಕಾಲು ತೂರಿಸುವುದು. ಜಾತ್ರೆಯ ಬಸ್ಸಿನಲ್ಲಿ ಮೊಣಕೈ ತೂರಿಸಿ ಜಾಗ ಮಾಡಿಕೊಂಡವರಿಗೆಲ್ಲ ಇದರ ಮರ್ಮ ಗೊತ್ತು. ಎದುರಾಳಿಯನ್ನು ತಳ್ಳುವುದಲ್ಲ, ತಾನು ಸರಿಯುವುದು. ಇವೆರಡಕ್ಕೂ ಮೊದಲು ಕಲಿಸುವ ಪಾಠ ಒಂದಿದೆ: ಭಾರ ಮೇಲೆ ಬಿದ್ದಾಗ ಗಾಬರಿಯಾಗಿ ಒದ್ದಾಡಬಾರದು, ಉಸಿರು ಹಿಡಿತದಲ್ಲಿಟ್ಟು ಸಮಯ ಕಾಯಬೇಕು. ದುರ್ಗದ ಸೀಮೆಯಲ್ಲಿ ಈ ಪಾಠಕ್ಕೆ ಒಂದು ಹಳೆಯ ಕಥೆಯಿದೆ. ಮೊದಲು ಹೊಳಲ್ಕೆರೆಗೆ, ಆಮೇಲೆ ಹಿರಿಯೂರಿಗೆ ನಾಯಕನಾಗಿ ಕೊನೆಗೆ ಚಿತ್ರದುರ್ಗ ಪಡೆದ ತಿಮ್ಮಣ್ಣ ನಾಯಕ, ವಿಜಯನಗರದ ರಾಜಕುಮಾರನ ಕುದುರೆಯನ್ನು ರಾತ್ರಿ ಕದಿಯಲು ಹೋದ. ಕುದುರೆಯಾಳು ಎಚ್ಚರಗೊಂಡಾಗ ಹುಲ್ಲಿನಡಿ ಅಡಗಿದ. ಆಳು ಕುದುರೆ ಕಟ್ಟಲು ಗೂಟ ಬಡಿದದ್ದು ಇವನ ಅಂಗೈಯ ಮೂಲಕವೇ ಇಳಿಯಿತಂತೆ. ತಿಮ್ಮಣ್ಣ ತುಟಿ ಪಿಟಕ್ಕೆನ್ನದೆ ಮಲಗಿದ್ದು, ಎಲ್ಲ ನಿಶ್ಶಬ್ದವಾದ ಮೇಲೆ ಕೈಯನ್ನೇ ಕತ್ತರಿಸಿಕೊಂಡು ಬಿಡಿಸಿಕೊಂಡು ಕುದುರೆ ಏರಿ ಹೋದ ಎಂಬುದು ಐತಿಹ್ಯ. ನಿಜವೆಷ್ಟೋ, ಉತ್ಪ್ರೇಕ್ಷೆಯೆಷ್ಟೋ, ಕೆಳಗೆ ಸಿಕ್ಕಿಬಿದ್ದವನ ತಾಳ್ಮೆಯನ್ನು ಈ ನಾಡು ಹೇಡಿತನ ಎಂದು ಎಣಿಸಿರಲಿಲ್ಲ ಎಂಬುದಕ್ಕೆ ಕಥೆ ಸಾಕು.

ನೆಲ ತಟ್ಟುವುದು, ತೊಡೆ ತಟ್ಟುವುದು

ನಮ್ಮ ಪೈಲ್ವಾನ ತೊಡೆ ತಟ್ಟಿ ಪಂದ್ಯ ಆರಂಭಿಸುತ್ತಾನೆ. ಬ್ರೆಜಿಲಿನವನು ನೆಲವನ್ನೋ ಎದುರಾಳಿಯ ಮೈಯನ್ನೋ ತಟ್ಟಿ ಪಂದ್ಯ ಮುಗಿಸುತ್ತಾನೆ. ತಟ್ಟಿದ ಕೂಡಲೇ ಪಟ್ಟು ಬಿಡಬೇಕು. ಬಿಡದವನಿಗೆ ಶಾಲೆಯಲ್ಲಿ ಜಾಗವಿಲ್ಲ. ದಿನಕ್ಕೆ ಹತ್ತು ಸಲ ಸೋತು, ಹತ್ತು ಸಲ ಎದ್ದು ಕಲಿಯುವುದಕ್ಕೆ ಈ ತಟ್ಟುವಿಕೆಯೇ ದಾರಿ. ತಟ್ಟಲು ಒಲ್ಲದವರ ಕಥೆಯೂ ಇದೆ. 1951ರ ಅಕ್ಟೋಬರಿನಲ್ಲಿ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ, ಹೇಲಿಯೊ ಗ್ರೇಸಿಯ ತೋಳನ್ನು ಬೆನ್ನ ಹಿಂದೆ ತಿರುಚಿದ. ಹೇಲಿಯೊ ತಟ್ಟಲಿಲ್ಲ, ತೋಳು ಮುರಿಯಿತು, ಅವನ ಕಡೆಯವರು ಟವೆಲ್ ಎಸೆದರು. ಸೋಲಿಸಿದವನ ಹೆಸರನ್ನೇ ಗ್ರೇಸಿಗಳು ಆ ಪಟ್ಟಿಗೆ ಇಟ್ಟರು. ಇಂದಿಗೂ ಅದು 'ಕಿಮುರಾ'. ಸೋಲನ್ನು ಹೀಗೆ ಪಾಠದೊಳಗೆ ಸೇರಿಸಿಕೊಂಡ ಉದಾಹರಣೆಗಳು ಕಡಿಮೆ.

ಅದೇ ಪಟ್ಟು 25 ವರ್ಷಗಳ ಮೇಲೆ ನಮ್ಮ ಪರಂಪರೆಯ ಒಬ್ಬನನ್ನು ಹಿಡಿಯಿತು. 1976ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಗಾಮಾನ ತಮ್ಮನ ಮಗ ಅಕ್ರಂ ಪೈಲ್ವಾನ್ ಜಪಾನಿನ ಅಂತೋನಿಯೊ ಇನೊಕಿಯನ್ನು ಎದುರಿಸಿದ. ಇನೊಕಿ ಹುಡುಗನಾಗಿದ್ದಾಗ ಬೆಳೆದದ್ದು ಬ್ರೆಜಿಲಿನಲ್ಲೇ ಎಂಬುದೊಂದು ಸೋಜಿಗ. ತೋಳು ತಿರುಚಿಕೊಂಡ ಅಕ್ರಂ ಕೂಡ ಸೋಲೊಪ್ಪಲಿಲ್ಲ. ಅವನ ಭುಜದ ಕೀಲೂ ಹೋಯಿತು. ಗಾಮಾನ ಮನೆತನಕ್ಕೆ ಕಸರತ್ತು ಕಡಿಮೆಯಾಗಿತ್ತೇ, ಎದೆಗಾರಿಕೆ ಕಡಿಮೆಯಾಗಿತ್ತೇ? ಎರಡೂ ಅಲ್ಲ. ಜಾಂಬವಂತಿಯ ಪುಟ ಅವರ ಗರಡಿಯ ದಿನದ ಪಾಠದಿಂದ ಎಂದೋ ಹರಿದುಹೋಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜುಜುತ್ಸು ಹುಟ್ಟಿದ್ದೇ ಭಾರತದಲ್ಲಿ, ಬೌದ್ಧ ಭಿಕ್ಷುಗಳು ಅದನ್ನು ಚೀನಾ ಜಪಾನುಗಳಿಗೆ ಒಯ್ದರು ಎಂದು ಬರೆಯುವವರಿದ್ದಾರೆ. ಕೇಳಲು ಹಿತವಾಗಿದೆ, ಆಧಾರ ಮಾತ್ರ ಇಲ್ಲ. ಮನುಷ್ಯನ ಮೊಣಕೈ ಎಲ್ಲ ದೇಶದಲ್ಲೂ ಒಂದೇ ಕಡೆಗೆ ಮಡಿಯುತ್ತದೆ. ಅದನ್ನು ಇನ್ನೊಂದು ಕಡೆಗೆ ಮಡಿಸುವ ವಿದ್ಯೆಯನ್ನು ಯಾರೂ ಯಾರಿಂದಲೂ ಕದಿಯಬೇಕಾಗಿಲ್ಲ. ಜಪಾನಿನ ಒಳಗೇ ನೋಡಬಹುದು. 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಕಾಲೇಜು ಹುಡುಗರ ಜೂಡೊ ಪಂದ್ಯಗಳಲ್ಲಿ ನೇರವಾಗಿ ನೆಲಕ್ಕೆ ಇಳಿಯಲು ಅವಕಾಶವಿತ್ತು. ನೆಲದ ವಿದ್ಯೆ ಕೆಲವೇ ವರ್ಷಗಳಲ್ಲಿ ಹುಲುಸಾಗಿ ಬೆಳೆಯಿತು. ಕಾನೊ 1925ರ ವೇಳೆಗೆ ಅದಕ್ಕೆ ಮಿತಿ ಹಾಕಿದರು. ಅದು ಮುಖ್ಯ ಜೂಡೊದಲ್ಲಿ ಸೊರಗಿತು. ಅದೇ ದೇಶ, ಅದೇ ಹುಡುಗರು, ನಿಯಮವೊಂದು ಬದಲಾಯಿತು ಅಷ್ಟೆ.

ನಮ್ಮಲ್ಲಿಯೂ ಈಗ ಅಂಥದೇ ಒಂದು ಬದಲಾವಣೆ ನಡೆಯುತ್ತಿದೆ. ಮೈಸೂರು ದಸರೆಯಲ್ಲಿ ನಾಡಕುಸ್ತಿಯ ಜೊತೆಗೆ ಮ್ಯಾಟಿನ ಮೇಲಿನ ಪಾಯಿಂಟ್ ಕುಸ್ತಿಯೂ ಇದೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ದಾವಣಗೆರೆಯ ಕ್ರೀಡಾ ನಿಲಯದ ಹುಡುಗರು ಅಭ್ಯಾಸ ಮಾಡುವುದೂ ಮ್ಯಾಟಿನ ಮೇಲೇ. ಒಲಿಂಪಿಕ್ಸ್ ಬೇಕೆಂದರೆ ಮ್ಯಾಟು ಬೇಕು, ಅದನ್ನು ದೂರಿ ಪ್ರಯೋಜನವಿಲ್ಲ. ಆದರೆ ಮ್ಯಾಟಿನ ಲೆಕ್ಕ ಬೇರೆ. ಬೋರಲು ಬಿದ್ದವನನ್ನು ಅಲ್ಲಿ ಗಂಟೆಗಟ್ಟಲೆ ಉಜ್ಜುತ್ತ ಕೂರುವಂತಿಲ್ಲ. ತಿರುಗಿಸಲಾಗದಿದ್ದರೆ ರೆಫರಿ ಎಬ್ಬಿಸಿ ನಿಲ್ಲಿಸುತ್ತಾನೆ. ಅಂಗಾತದ ವಿದ್ಯೆ ಒಣಗಿದಂತೆ ಬೋರಲಿನ ವಿದ್ಯೆಯೂ, ಆ ಘಿಸ್ಸಾ, ಆ ಗಧಾಲೋಟ್, ತೆಳ್ಳಗಾಗುತ್ತಿದೆ. ಬ್ರೆಜಿಲಿನ ಶಾಲೆಗಳು ತಮ್ಮ ಒಂದೊಂದು ಪಟ್ಟನ್ನೂ ಚಿತ್ರ ತೆಗೆದು, ಹೆಸರಿಟ್ಟು, ಮಾರಿ, ಹಂಚಿ ಉಳಿಸಿಕೊಂಡಿವೆ. ನಮ್ಮ ಮಧ್ಯ ಕರ್ನಾಟಕದ ಉಸ್ತಾದರ ವರಸೆಗಳನ್ನು ಕೈ ಎಲ್ಲಿ, ಕಾಲು ಎಲ್ಲಿ ಎಂದು ಯಾರಾದರೂ ಈಗಲೇ ದಾಖಲಿಸದಿದ್ದರೆ ಸೋಮೇಶ್ವರನ ಗ್ರಂಥದ ಸ್ಥಿತಿಯೇ ಮತ್ತೆ ಬರುತ್ತದೆ. ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಇದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ವಿಶ್ವವಿದ್ಯಾಲಯಗಳು ಲಾವಣಿ, ಸೋಬಾನೆಗಳನ್ನು ಸಂಗ್ರಹಿಸಿದ ಶ್ರದ್ಧೆಯಲ್ಲಿ ಹತ್ತರ ಒಂದು ಪಾಲು ಗರಡಿಗೆ ಸಲ್ಲಬೇಕಿತ್ತು.

ಹೊಳಲ್ಕೆರೆ, ಹೊಸದುರ್ಗದ ಕಡೆ ಜಾತ್ರೆಯ ಬಯಲು ಜಂಗಿ ಕುಸ್ತಿಗೆ ಇನ್ನೂ ಜನ ಸೇರುತ್ತಾರೆ. ಸಣ್ಣ ಹುಡುಗರಿಂದ ಶುರುವಾಗಿ, ಬೆಳ್ಳಿ ಗದೆಯ ಜೋಡಿ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಇಬ್ಬರೂ ಒಟ್ಟಿಗೆ ಉರುಳಿ ಬಿದ್ದು, ಯಾರ ಬೆನ್ನು ತಾಗಿತು ಎಂದು ಗಲಾಟೆ ಎದ್ದಾಗ ಹಿರಿಯನೊಬ್ಬ ಕಣಕ್ಕೆ ಇಳಿಯುತ್ತಾನೆ. ಇಬ್ಬರನ್ನೂ ತಿರುಗಿ ನಿಲ್ಲಲು ಹೇಳಿ ಭುಜದೆಲುಬಿನ ಮೇಲೆ ಮಣ್ಣು ಹತ್ತಿದೆಯೇ ಎಂದು ಬಗ್ಗಿ ನೋಡುತ್ತಾನೆ. ಮೀಸೆಯ ಕಡೆ ಯಾರೂ ನೋಡುವುದಿಲ್ಲ.